ಲಿಂಕ್ ತೆರೆದು ಸುಮ್ಮನಾದವರ ಮಾತು ಯಾವುದರಲ್ಲಿ ಕೇಳಿಸುತ್ತದೆ? ಕೂಟ ಗೊತ್ತುಮಾಡುವ ಹೊಸ ಸೈಟಿಗೆ ಫೀಡ್‌ಬ್ಯಾಕ್ ಸಾಧನಗಳ ವಿಮರ್ಶೆ

ನಾಲ್ಕೈದು ಜನ ಸ್ನೇಹಿತರು ಸೇರುವುದಕ್ಕೆ ದಿನ, ಹೊತ್ತು, ಜಾಗ ಗೊತ್ತುಮಾಡಿಕೊಡುವ ವೆಬ್‌ಸೈಟ್ ಕಟ್ಟುವುದು ಈಗ ದೊಡ್ಡ ಕೆಲಸವಲ್ಲ. ಡೂಡಲ್ 2007ರಿಂದ ಇದೆ, ಈವೈಟ್ ಅದಕ್ಕೂ ಹಳೆಯದು, ಪಾರ್ಟಿಫುಲ್‌ನಂಥ ಹೊಸಬರೂ ಬಂದಿದ್ದಾರೆ. ಕಟ್ಟಿದ್ದು ಜನಕ್ಕೆ ಒಗ್ಗಿತೋ ಇಲ್ಲವೋ ಎಂದು ತಿಳಿಯುವುದೇ ಕಷ್ಟ. ಅದಕ್ಕೆಂದು ಸಿಗುವ ಸಾಧನಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇಂಥ ಸೈಟಿಗೆ ಬಳಕೆದಾರರು ಎರಡು ಬಗೆ. ಕರೆಯುವವರು ಒಬ್ಬರು. ಅವರು ಖಾತೆ ತೆರೆಯುತ್ತಾರೆ, ಇಮೇಲ್ ಕೊಡುತ್ತಾರೆ, ಸೈಟಿನ ಮೇಲೆ ಒಂದಿಷ್ಟು ಆಸಕ್ತಿಯೂ ಇರುತ್ತದೆ. ಕರೆಸಿಕೊಂಡವರು ನಾಲ್ಕು ಜನವೋ ಹತ್ತು ಜನವೋ. ಗ್ರೂಪಿನಲ್ಲಿ ಬಂದ ಲಿಂಕ್ ಒತ್ತಿ, ಅರ್ಧ ನಿಮಿಷ ಇದ್ದು, ಉತ್ತರ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಸೈಟ್ ಉಳಿಯುವುದೂ ಮುಳುಗುವುದೂ ಈ ಎರಡನೆಯವರ ಕೈಯಲ್ಲಿದೆ. ಫೀಡ್‌ಬ್ಯಾಕ್ ಸಾಧನಗಳಲ್ಲಿ ಹೆಚ್ಚಿನವು ಮಾತಾಡಿಸುವುದು ಮಾತ್ರ ಮೊದಲನೆಯವರನ್ನು, ಯಾಕೆಂದರೆ ಇಮೇಲ್ ಕೊಟ್ಟಿರುವವರು ಅವರೇ. ಹಾಗಾಗಿ ಇಲ್ಲಿ ಎಲ್ಲಕ್ಕೂ ಒಂದೇ ಅಳತೆಗೋಲು: ಕರೆಸಿಕೊಂಡವರ ಮಾತು ಇದರಲ್ಲಿ ಕೇಳಿಸುತ್ತದೆಯೇ?

ಮೊದಲು ಕೈಗೆ ಸಿಗುವುದು ಗೂಗಲ್ ಫಾರ್ಮ್ಸ್. ಪುಕ್ಕಟೆ, ಕೂತಲ್ಲೇ ಸಿದ್ಧವಾಗುತ್ತದೆ, ಉತ್ತರಗಳು ನೇರ ಶೀಟಿಗೆ ಬಂದು ಬೀಳುತ್ತವೆ. ಕರೆಯುವವರ ಮಟ್ಟಿಗೆ ಇದು ಸಾಕು. ಹಾಳಾಗುವುದು ಪ್ರಶ್ನೆಗಳಲ್ಲಿ. ‘ಈ ಸೈಟನ್ನು ಮುಂದೆ ಬಳಸುತ್ತೀರಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಪರಿಚಯದವರ ಮುಖ ಮುರಿಯಲು ಯಾರಿಗೂ ಇಷ್ಟವಿರುವುದಿಲ್ಲ. ಆಗಿಹೋದದ್ದನ್ನು ಕೇಳಬೇಕು: ಕೊನೆಯ ಸಲ ಎಲ್ಲರೂ ಸೇರಿದ್ದು ಯಾವಾಗ, ದಿನ ಗೊತ್ತಾದದ್ದು ಹೇಗೆ, ಕೊನೆಯವರೆಗೂ ಉತ್ತರ ಕೊಡದೆ ಸತಾಯಿಸಿದವರು ಎಷ್ಟು ಜನ. ಐದು ಪ್ರಶ್ನೆ ಮೀರಬಾರದು. ಮೊದಲನೆಯದು ‘ನೀವು ಕರೆದವರೋ, ಕರೆಸಿಕೊಂಡವರೋ?’ ಎಂದಿರಲಿ, ಉತ್ತರಕ್ಕೆ ತಕ್ಕಂತೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಫಾರ್ಮ್ಸ್‌ನಲ್ಲೇ ಇದೆ.

ಎರಡು ಸೆಟ್ಟಿಂಗ್‌ಗಳು ಕರೆಸಿಕೊಂಡವರನ್ನು ಬಾಗಿಲಲ್ಲೇ ತಡೆಯುತ್ತವೆ. ಒಬ್ಬರಿಗೆ ಒಂದೇ ಉತ್ತರ ಎಂದು ಮಿತಿ ಹಾಕಿದರೆ ಗೂಗಲ್ ಲಾಗಿನ್ ಕೇಳುತ್ತದೆ. ಸ್ಕ್ರೀನ್‌ಶಾಟ್ ಕಳಿಸಲೆಂದು ಫೈಲ್ ಅಪ್‌ಲೋಡ್ ಪ್ರಶ್ನೆ ಇಟ್ಟರೂ ಅದೇ ಕಥೆ. ಎರಡನ್ನೂ ತೆಗೆದುಹಾಕಿ. ಅದರ ಬದಲು, ಮೊದಲೇ ತುಂಬಿದ ಲಿಂಕ್ ಮಾಡುವ ಆಯ್ಕೆಯನ್ನು ಬಳಸಿ ಪ್ರತಿ ಕೂಟದ ಸಂಕೇತವನ್ನು ಲಿಂಕಿನಲ್ಲೇ ಸೇರಿಸಿ. ಯಾವ ಉತ್ತರ ಯಾವ ಕೂಟದ್ದೆಂದು ತಿಳಿಯುತ್ತದೆ, ಹೆಸರು ಕೇಳುವ ಪ್ರಮೇಯವೇ ಇರುವುದಿಲ್ಲ. ಇಷ್ಟೆಲ್ಲ ಮಾಡಿದರೂ ಲಿಂಕ್ ತೆರೆದು ಸುಮ್ಮನೆ ಮುಚ್ಚಿದವರು ಫಾರ್ಮ್ ತುಂಬುವುದಿಲ್ಲ. ಅಲ್ಲಿಗೆ ಫಾರ್ಮ್ಸ್‌ನ ಹದ್ದು ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಕೊಡುವುದು ಯಾವ ಉತ್ಪನ್ನವೂ ಅಲ್ಲ, ವೀಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿಸಿ ನೋಡುವ ಹಳೆಯ ಪದ್ಧತಿ. ಐದು ಜನರನ್ನು ನೋಡಿದರೆ ಸಾಕು ಎಂಬ ಮಾತು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಲೇಖನದಿಂದ ಹಬ್ಬಿದ್ದು. ಒಂದು ತೊಡಕು ಒಬ್ಬರಿಗೆ ಎದುರಾಗುವ ಸಾಧ್ಯತೆ ಸರಾಸರಿ ಶೇ. 31 ಎಂದಿಟ್ಟುಕೊಂಡರೆ, ಐದು ಜನರಲ್ಲಿ ಶೇ. 85ರಷ್ಟು ತೊಡಕುಗಳು ಹೊರಬೀಳುತ್ತವೆ ಎಂಬುದು ಅದರ ಲೆಕ್ಕ. ಆ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ. ಇಲ್ಲಿ ಎರಡು ಬಗೆ ಇದ್ದಾರೆ, ಮೇಲಾಗಿ ಒಬ್ಬರ ಉತ್ತರ ಇನ್ನೊಬ್ಬರ ಉತ್ತರವನ್ನು ನೋಡಿ ಹುಟ್ಟುತ್ತದೆ. ‘ಅವರು ಬರುತ್ತಾರಾ? ಹಾಗಾದರೆ ನಾನೂ ಬರುತ್ತೇನೆ.’ ಆದ್ದರಿಂದ ಐದು ಬಿಡಿ ಜನರ ಬದಲು ಮೂರು ಗುಂಪು ಹಿಡಿಯಿರಿ: ಪ್ರತಿ ಗುಂಪಿನಲ್ಲಿ ಕರೆಯುವವರೊಬ್ಬರು, ಅವರ ನಿಜವಾದ ಸ್ನೇಹಿತರು ನಾಲ್ವರು.

ಕರೆಯುವವರಿಗೆ ಅರ್ಧ ಗಂಟೆ. ಕೊಡುವ ಕೆಲಸ ಒಂದೇ ವಾಕ್ಯದಲ್ಲಿರಲಿ: ‘ಮುಂದಿನ ವಾರ ಈ ನಾಲ್ವರ ಜತೆ ಒಂದು ಸಂಜೆ ಸೇರಬೇಕು, ದಿನ ಗೊತ್ತುಮಾಡಿ.’ ಪೋಲ್, ಈವೆಂಟ್, ಆಹ್ವಾನ ಎಂದು ಸೈಟಿನ ಬಟನ್ನಿನ ಮೇಲಿರುವ ಮಾತು ನಿಮ್ಮ ಬಾಯಲ್ಲಿ ಬರಕೂಡದು. ಬಂದರೆ ಅವರು ಯೋಚಿಸುವುದನ್ನು ಬಿಟ್ಟು ಆ ಪದವನ್ನು ಹುಡುಕುತ್ತಾರೆ. ಲಿಂಕನ್ನು ಅವರ ಕೈಯಿಂದಲೇ ಅವರದೇ ಗ್ರೂಪಿಗೆ ಕಳಿಸಲಿ. ಕರೆಸಿಕೊಂಡವರಲ್ಲಿ ಇಬ್ಬರನ್ನಾದರೂ ಬೇರೆ ಕಾಲ್‌ನಲ್ಲಿ, ಹತ್ತು ನಿಮಿಷ, ಅವರವರ ಫೋನಿನಲ್ಲೇ ನೋಡಿ. ಲ್ಯಾಪ್‌ಟಾಪಿನಲ್ಲಿ ನೋಡಿದ್ದು ನೋಡಿದ ಹಾಗಲ್ಲ. ಕಾಲ್ ಶುರುವಾಗುವ ತನಕ ಲಿಂಕ್ ಒತ್ತಬೇಡಿ ಎಂದು ಮುಂಚೆಯೇ ಹೇಳಿರಬೇಕು. ಮೊದಲ ನೋಟ ಸಿಗುವುದು ಒಂದೇ ಸಲ. ‘ಇದನ್ನು ಒತ್ತಬೇಕಾ?’ ಎಂದು ಕೇಳಿದರೆ ‘ನಿಮಗೇನನ್ನಿಸುತ್ತದೆ?’ ಎಂದು ಬಾಯಿ ಮುಚ್ಚಿಕೊಳ್ಳುವುದು. ಸೈಟ್ ಕಟ್ಟಿದವರಿಗೆ ಇದು ಬಹಳ ಕಷ್ಟ, ಹಾಗಾಗಿ ಕಾಲ್ ನಡೆಸುವ ಕೆಲಸ ಬೇರೆಯವರಿಗೆ ಕೊಟ್ಟು, ಕಟ್ಟಿದವರು ಮೈಕ್ ಆರಿಸಿ ಟಿಪ್ಪಣಿ ಬರೆಯಲಿ.

ಹೀಗೆ ನೋಡಿದಾಗ ಕಾಣುವ ಒಂದು ತೊಡಕು ತೀರ ಸಾಮಾನ್ಯ. ದಿನ ಆರಿಸುವ ಪಟ್ಟಿಯನ್ನು ಅಡ್ಡ ಸಾಲಿನ ಕೋಷ್ಟಕವಾಗಿ ಮಾಡಿರುತ್ತಾರೆ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಹೆಸರಿನ ಕಾಲಂ ಅರ್ಧ ಜಾಗ ನುಂಗಿ, ಎರಡು ದಿನಾಂಕ ಮಾತ್ರ ಕಾಣುತ್ತವೆ. ಮೂರನೆಯದರ ಅಂಚು ಪರದೆಯ ಅಂಚಿಗೆ ಸರಿಯಾಗಿ ಕೂತುಬಿಟ್ಟರೆ ಪಕ್ಕಕ್ಕೆ ಜಾರಿಸಬಹುದೆಂಬ ಸುಳಿವೇ ಇರುವುದಿಲ್ಲ. ಹೆಬ್ಬೆರಳು ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ ಹೋಗಿ ಬರುತ್ತದೆ. ‘ಎರಡೇ ದಿನವಾ? ಎರಡೂ ಆಗಲ್ಲ’ ಎಂದು ಎರಡಕ್ಕೂ ಬೇಡ ಒತ್ತಿ ಮುಚ್ಚುತ್ತಾರೆ. ಡೇಟಾಬೇಸಿನಲ್ಲಿ ಇದು ಪೂರ್ತಿಯಾಗಿ ಉತ್ತರಿಸಿದವರ ಲೆಕ್ಕಕ್ಕೆ ಸೇರುತ್ತದೆ, ಕಾಣದೆ ಮುಟ್ಟದೆ ಬಿಟ್ಟ ಉಳಿದ ದಿನಗಳೂ ‘ಬೇಡ’ ಎಂದೇ ಉಳಿಯುತ್ತವೆ. ಯಾವ ಸಮೀಕ್ಷೆಯೂ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಅವರ ಮಟ್ಟಿಗೆ ಏನೂ ತಪ್ಪಾಗಿಲ್ಲ. ಮದ್ದು ಸುಲಭ: ಫೋನಿನಲ್ಲಿ ಒಂದು ದಿನಕ್ಕೆ ಒಂದು ಸಾಲು, ಕೆಳಮುಖವಾಗಿ. ಉತ್ತರಿಸದ ದಿನವನ್ನು ‘ಬೇಡ’ ಎಂದಲ್ಲದೆ ಖಾಲಿ ಎಂದೇ ಉಳಿಸಿಕೊಳ್ಳಿ. ಕೆಂಪು, ಹಸಿರು ಬಣ್ಣವೊಂದನ್ನೇ ನೆಚ್ಚದೆ ಸರಿ ಗುರುತು, ತಪ್ಪು ಗುರುತು ಕೂಡ ಹಾಕಿ, ಆ ಎರಡು ಬಣ್ಣಗಳ ವ್ಯತ್ಯಾಸ ಕಾಣದವರು ಬಹಳ ಜನ ಇದ್ದಾರೆ.

ಲಾಗಿನ್ ಇನ್ನೊಂದು ಬಲೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಬಂದ ಲಿಂಕನ್ನು ಒತ್ತಿದರೆ ಅದು ಸಾಮಾನ್ಯವಾಗಿ ಆಪಿನೊಳಗಿನ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಂಥ ಒಳಬ್ರೌಸರಿನಲ್ಲಿ ಗೂಗಲ್ ಲಾಗಿನ್ ನಡೆಯಲು ಗೂಗಲ್ ಬಿಡುವುದಿಲ್ಲ. 403 ದೋಷದ ಪುಟ ಬರುತ್ತದೆ. ಸೈಟ್ ಕಟ್ಟಿದವರು ಕ್ರೋಮಿನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿರುವುದರಿಂದ ಇದು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು. ಕರೆಸಿಕೊಂಡವರಿಗೆ ಲಾಗಿನ್ನೇ ಬೇಡ. ಹೆಸರು ಬರೆದು ಉತ್ತರ ಕೊಟ್ಟರೆ ಮುಗಿಯಬೇಕು, ಉತ್ತರ ಬದಲಿಸಲು ಅವರಿಗೊಂದು ಖಾಸಗಿ ಲಿಂಕ್ ಸಿಗಬೇಕು.

ಇನ್ನು ಮೈಕ್ರೋಸಾಫ್ಟ್ ಕ್ಲಾರಿಟಿ. ಪುಟ ನೋಡಿದವರ ಬೆರಳು ಎಲ್ಲೆಲ್ಲಿ ಹೋಯಿತೆಂದು ರೆಕಾರ್ಡ್ ಮಾಡಿ ತೋರಿಸುವ ಸಾಧನ. ಪುಕ್ಕಟೆ, ಪುಟಕ್ಕೊಂದು ಸಣ್ಣ ಸ್ಕ್ರಿಪ್ಟ್ ಸೇರಿಸಿದರಾಯಿತು. ನಮ್ಮ ಅಳತೆಗೋಲಿನಲ್ಲಿ ಇದಕ್ಕೆ ಒಳ್ಳೆಯ ಅಂಕ, ಲಿಂಕ್ ತೆರೆದು ಉತ್ತರ ಕೊಡದೆ ಹೋದವರೂ ಇದರಲ್ಲಿ ಕಾಣುತ್ತಾರೆ. ಎಲ್ಲ ರೆಕಾರ್ಡಿಂಗ್ ನೋಡುತ್ತ ಕೂರಬೇಡಿ, ದಿನವೇ ಕಳೆದುಹೋಗುತ್ತದೆ. ಎರಡೇ ಫಿಲ್ಟರ್ ಸಾಕು: ಸಿಟ್ಟಿನಿಂದ ಒಂದೇ ಕಡೆ ಪಟಪಟ ಒತ್ತಿದ ರೇಜ್ ಕ್ಲಿಕ್, ಒತ್ತಿದರೂ ಏನೂ ಆಗದ ಡೆಡ್ ಕ್ಲಿಕ್. ಕೂಟದ ಸೈಟಿನಲ್ಲಿ ಮೊದಲನೆಯದು ಸಿಗುವ ಜಾಗ ಬೂದಿ ಬಣ್ಣದ ‘ಉಳಿಸಿ’ ಬಟನ್: ಮೇಲೆ ಹೆಸರು ಬರೆಯುವುದು ಬಾಕಿಯಿದೆ ಎಂದು ಅದು ಹೇಳುವುದಿಲ್ಲ. ಎರಡನೆಯದು ಸಿಗುವುದು ವಿಳಾಸದ ಮೇಲೆ: ಮ್ಯಾಪ್ ತೆರೆಯುತ್ತದೆಂದು ಒತ್ತುತ್ತಾರೆ, ಅದು ಬರೀ ಅಕ್ಷರ.

ಕ್ಲಾರಿಟಿಯಲ್ಲಿ ಎಚ್ಚರ ಬೇಕಾದದ್ದು ಮರೆಮಾಚುವಿಕೆಯ ವಿಷಯದಲ್ಲಿ. ಬರುವವರ ಹೆಸರುಗಳು, ಮನೆ ವಿಳಾಸ, ಚರ್ಚೆಯ ಸಾಲುಗಳು ಪುಟದ ಮೇಲೆ ಸಾಮಾನ್ಯ ಪಠ್ಯವಾಗಿ ಇರುತ್ತವೆ. ಮರೆಮಾಚುವ ಮಟ್ಟವನ್ನು ಸ್ಟ್ರಿಕ್ಟ್‌ಗೆ ಏರಿಸಿ. ಇಲ್ಲವೇ ಪುಟದ ಕೋಡಿನಲ್ಲಿ ಆ ಭಾಗಗಳಿಗೆ ಡೇಟಾ-ಕ್ಲಾರಿಟಿ-ಮಾಸ್ಕ್ (data-clarity-mask) ಗುಣವನ್ನು ಹಾಕಿ. ರೆಕಾರ್ಡ್ ಆಗುತ್ತದೆಂದು ಪುಟದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಸಾಮಾನ್ಯ ರೆಕಾರ್ಡಿಂಗ್‌ಗಳು 30 ದಿನ ಇದ್ದು ಹೋಗುತ್ತವೆ, ಬೇಕಾದದ್ದನ್ನು ಅಷ್ಟರೊಳಗೆ ಗುರುತಿಸಿಟ್ಟುಕೊಳ್ಳಬೇಕು. ಟ್ರ್ಯಾಕರ್ ತಡೆಯುವ ಬ್ರೌಸರ್ ಬಳಸುವವರು ಇದರಲ್ಲಿ ಇರುವುದೇ ಇಲ್ಲ. ಏನಾಯಿತು ಎಂಬುದು ಕಾಣುತ್ತದೆ, ಯಾಕೆ ಎಂಬುದು ಕಾಣುವುದಿಲ್ಲ. ಯಾಕೆ ಎಂಬುದಕ್ಕೆ ಮತ್ತೆ ಸ್ಕ್ರೀನ್ ಶೇರ್‌ಗೇ ಹೋಗಬೇಕು.

ಎಷ್ಟು ಜನ ಪುಟ ನೋಡಿದರೆಂಬ ಸರ್ವರಿನ ಲೆಕ್ಕವನ್ನು ನಂಬುವ ಮೊದಲು ಬಾಟ್‌ಗಳನ್ನು, ಅಂದರೆ ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳನ್ನು, ತೆಗೆಯಿರಿ. ಲಿಂಕನ್ನು ಫೇಸ್‌ಬುಕ್, ಟೆಲಿಗ್ರಾಂ, ಸ್ಲ್ಯಾಕ್‌ನಲ್ಲಿ ಹಾಕಿದ ಕೂಡಲೇ ಮುನ್ನೋಟದ ಚಿತ್ರ ತರಲು ಅವುಗಳ ಬಾಟ್ ಬಂದು ಪುಟ ತೆರೆಯುತ್ತದೆ. ಇದನ್ನೂ ನೋಡಿದವರೆಂದು ಎಣಿಸಿದರೆ, ನೋಡಿದವರು ಹೆಚ್ಚು, ಉತ್ತರಿಸಿದವರು ಕಡಿಮೆ ಎಂಬ ಸುಳ್ಳು ಗಾಬರಿ. ಇಮೇಲಿನಲ್ಲಿ ಇದಕ್ಕಿಂತ ದೊಡ್ಡ ಅಪಾಯ: ‘ಬರುತ್ತೇನೆ’ ಎಂಬ ಲಿಂಕನ್ನು ತೆರೆದ ತಕ್ಷಣ ಉತ್ತರ ದಾಖಲಾಗುವಂತೆ ಮಾಡಿದ್ದರೆ, ಕಚೇರಿ ಇಮೇಲುಗಳ ಸುರಕ್ಷತಾ ತಪಾಸಣೆ ಆ ಲಿಂಕನ್ನು ತಾನೇ ತೆರೆದು ನೋಡಿ, ಇಮೇಲ್ ಓದಿರದವರ ಹೆಸರಿನಲ್ಲೂ ಬರುತ್ತೇನೆ ಎಂದು ಬರೆದುಬಿಡುತ್ತದೆ. ಲಿಂಕ್ ಬರೀ ಪುಟ ತೆರೆಯಲಿ, ಉತ್ತರ ದಾಖಲಾಗುವುದು ಬಟನ್ ಒತ್ತಿದ ಮೇಲೆ, ಸರ್ವರಿಗೆ ಮಾಹಿತಿ ಕಳಿಸುವ ಪೋಸ್ಟ್ (POST) ವಿಧಾನದಲ್ಲಿ.

ಸಿಸ್ಟಂ ಯೂಸಬಿಲಿಟಿ ಸ್ಕೇಲ್ ಬಗ್ಗೆ ಚುಟುಕಾಗಿ. ಬಳಸಲು ಎಷ್ಟು ಸುಲಭ ಎಂದು ಅಳೆಯಲು 1986ರಲ್ಲಿ ಜಾನ್ ಬ್ರೂಕ್ ಮಾಡಿದ ಹತ್ತು ಹೇಳಿಕೆಗಳ ಪಟ್ಟಿ ಇದು, ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ ಕೊಡುವುದು. ಬೆಸ ಸಂಖ್ಯೆಯ ಹೇಳಿಕೆಗೆ ಕೊಟ್ಟ ಅಂಕದಲ್ಲಿ 1 ಕಳೆದು, ಸಮ ಸಂಖ್ಯೆಯದನ್ನು 5ರಿಂದ ಕಳೆದು, ಎಲ್ಲ ಕೂಡಿಸಿ 2.5ರಿಂದ ಗುಣಿಸಿದರೆ 100ಕ್ಕೆ ಇಷ್ಟು ಎಂದು ಬರುತ್ತದೆ. 68ರ ಆಸುಪಾಸು ಸರಾಸರಿ. ಅದು ಶೇಕಡಾವಾರು ಅಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಕರೆಯುವವರಿಗೆ, ಎರಡನೆಯ ಕೂಟ ಮುಗಿದ ಮೇಲೆ ಕೊಡಬಹುದು. ಅರ್ಧ ನಿಮಿಷ ಬಂದು ಹೋಗುವವರ ಮುಂದೆ ಹತ್ತು ಹೇಳಿಕೆ ಇಡುವುದು ಅತಿಯಾಯಿತು. ಇತರರಿಗೆ ಶಿಫಾರಸು ಮಾಡುತ್ತೀರಾ ಎಂದು ಕೇಳುವ ಎನ್‌ಪಿಎಸ್ (ನೆಟ್ ಪ್ರಮೋಟರ್ ಸ್ಕೋರ್) ಅಂತೂ ಈ ಹಂತದಲ್ಲಿ ದಂಡ, ಕೈಯಲ್ಲಿರುವ ಹದಿನೈದು ಜನರಲ್ಲಿ ಇಬ್ಬರ ಮನಸ್ಸು ಬದಲಾದರೆ ಅಂಕ ಎಲ್ಲಿಂದೆಲ್ಲಿಗೋ ಹಾರುತ್ತದೆ.

ಬಳಕೆದಾರರ ಪರೀಕ್ಷೆ ನಡೆಸಿಕೊಡುವ ಲಿಸ್ನಾ (Lyssna) ಎಂಬ ಸೈಟಿನಲ್ಲಿರುವ ಐದು ಸೆಕೆಂಡಿನ ಪರೀಕ್ಷೆ ಮಾತ್ರ ಆಹ್ವಾನದ ಪುಟಕ್ಕೆ ಹೇಳಿ ಮಾಡಿಸಿದ್ದು. ಪುಟವನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ, ಕರೆದದ್ದು ಯಾರು, ಯಾವಾಗ, ನೀವೀಗ ಏನು ಮಾಡಬೇಕು ಎಂದು ಕೇಳುವುದು. ಮೂರರಲ್ಲಿ ಹೆಚ್ಚಾಗಿ ಸೋಲುವುದು ಮೊದಲನೆಯದು: ಸೈಟಿನ ಲೋಗೊ ದೊಡ್ಡದಾಗಿ, ಕರೆದವರ ಹೆಸರು ಸಣ್ಣದಾಗಿ ಇರುತ್ತದೆ. ಸ್ನೇಹಿತರ ಹೆಸರು ಕಾಣದ ಲಿಂಕನ್ನು ಜಾಹೀರಾತೆಂದು ಬಿಡುವವರೇ ಹೆಚ್ಚು. ಗ್ರೂಪಿನಲ್ಲಿ ಬೀಳುವ ಮುನ್ನೋಟದ ಶೀರ್ಷಿಕೆಗೂ ಇದೇ ನಿಯಮ: ಕರೆದವರ ಹೆಸರು, ಕೂಟದ ಹೆಸರು, ಆಮೇಲೆ ಬೇಕಿದ್ದರೆ ಸೈಟಿನ ಹೆಸರು.

ಹೊಸ ಸೈಟು, ಆಪುಗಳನ್ನು ಪರಿಚಯಿಸುವ ಪ್ರಾಡಕ್ಟ್ ಹಂಟ್‌ನಂಥ ಕಡೆ ಹಾಕಿದರೆ ಬರುವುದು ಸೈಟ್ ಕಟ್ಟುವವರ ಅಭಿಪ್ರಾಯ: ಯಾವ ಫ್ರೇಮ್‌ವರ್ಕ್, ಡಾರ್ಕ್ ಮೋಡ್ ಯಾಕಿಲ್ಲ. ಹುರುಪು ಬರುತ್ತದೆ, ಮಾಹಿತಿ ಬರುವುದಿಲ್ಲ. ಹಣ ಕೊಟ್ಟು ಅಪರಿಚಿತರಿಂದ ಪರೀಕ್ಷೆ ಮಾಡಿಸುವ ಸೇವೆಗಳು ಅಕ್ಷರದ ಗಾತ್ರ, ಬಟನ್ನಿನ ಜಾಗ ನೋಡಲು ಆಗಬಹುದು. ಅಪರಿಚಿತರು ಸ್ನೇಹಿತರ ಹಾಗೆ ನಟಿಸುವಾಗ ‘ಬರಲ್ಲ ಅಂದರೆ ಬೇಜಾರಾಗುತ್ತಾರೇನೋ’ ಎಂಬ ಮುಲಾಜು ಇರುವುದಿಲ್ಲ, ಜನ ಉತ್ತರ ಕೊಡದೆ ಉಳಿಯಲು ಅನೇಕ ಸಲ ಕಾರಣ ಅದೇ.

ಸೈಟಿನೊಳಗೇ ಕೇಳುವ ಪ್ರಶ್ನೆಗೆ ಯಾವ ಸಾಧನವೂ ಬೇಡ, ಒಂದು ಪಠ್ಯಪೆಟ್ಟಿಗೆ ಸಾಕು. ಪುಟ ತೆರೆದ ಕೂಡಲೇ ಪಾಪ್‌ಅಪ್ ಹಾಕಬೇಡಿ. ಉತ್ತರ ಉಳಿಸಿದ ಮೇಲೆ ಬರುವ ಧನ್ಯವಾದದ ಪುಟದಲ್ಲಿ ‘ಎಲ್ಲಾದರೂ ಗೊಂದಲವಾಯಿತೇ?’ ಎಂದಿರಲಿ, ನಕ್ಷತ್ರಗಳು ಬೇಡ. ಮೂರು ನಕ್ಷತ್ರ ಕೊಟ್ಟರೆ ಏನು ತಿದ್ದಬೇಕೆಂದು ಗೊತ್ತಾಗುವುದಿಲ್ಲ. ಕರೆದವರಿಗೆ ಕೂಟದ ಮರುದಿನ ಒಂದೇ ಪ್ರಶ್ನೆ: ‘ಸೈಟಿನಲ್ಲಿ ಉತ್ತರ ಕೊಡದವರು ಬೇರೆಲ್ಲಾದರೂ ಉತ್ತರ ಕೊಟ್ಟರೇ?’ ಗ್ರೂಪಿನಲ್ಲೇ ‘ನಾನು ಬರ್ತೀನಿ’ ಎಂದು ಹಾಕಿದರು ಎಂಬ ಉತ್ತರ ಪದೇ ಪದೇ ಬಂದರೆ, ಸೈಟಿನ ಎದುರಾಳಿ ಡೂಡಲ್ ಅಲ್ಲ, ವಾಟ್ಸಾಪ್. ಅದರ ಪೋಲಿನಲ್ಲೇ 12 ಆಯ್ಕೆ ಹಾಕಬಹುದು, ಎಲ್ಲೂ ಹೋಗಬೇಕಾಗಿಲ್ಲ. ಆಗ ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿ, ಗ್ರೂಪಿನಲ್ಲಿ ಬಂದ ಉತ್ತರವನ್ನು ಸ್ನೇಹಿತರ ಪರವಾಗಿ ಕರೆದವರೇ ತುಂಬುವ ಅವಕಾಶ ಕೊಡಿ. ತಿದ್ದಿದ ಮೇಲೆ ಪರೀಕ್ಷೆಗೆ ಬೇರೆ ಗುಂಪು ಬೇಕು, ಹಳೆಯ ಗುಂಪಿಗೆ ಯಾವ ಬಟನ್ ಎಲ್ಲಿದೆ ಎಂಬುದು ಆಗಲೇ ಬಾಯಿಪಾಠವಾಗಿರುತ್ತದೆ.