ಗಿಸೆಲಾ 5 ರೂಟ್‌ಸ್ಟಾಕ್: ದಶಕ ದಾಟಿದ ಚೆರ್ರಿ ತೋಟದ ಅನುಭವ

ಐದಕ್ಕೆ ನಾಲ್ಕು ಸ್ಟಾರ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಗಿಸೆಲಾ 5 ಎಂಬ ರೂಟ್‌ಸ್ಟಾಕ್ (ಕಸಿಗೆ ಬೇರು ಕೊಡುವ ಗಿಡ) ಮೇಲೆ ಕಸಿ ಕಟ್ಟಿದ ಬಿಂಗ್ ಚೆರ್ರಿ ಗಿಡಗಳನ್ನು ದಶಕಕ್ಕೂ ಹೆಚ್ಚು ಕಾಲದಿಂದ ನೋಡಿಕೊಳ್ಳುತ್ತಿದ್ದೇನೆ. ಈ ಗಿಡಕ್ಕೆ ಕಾಯಿ ಹಿಡಿಯುವುದರಲ್ಲಿ ಮಿತಿಯೇ ಗೊತ್ತಿಲ್ಲ. ಮೆಚ್ಚುಗೆ ಅದಕ್ಕೇ, ಒಂದು ಸ್ಟಾರ್ ಕಡಿತವೂ ಅದಕ್ಕೇ.

ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದಲ್ಲಿ ಹುಳಿ ಚೆರ್ರಿಯ ಸಂಕರದಿಂದ ತೆಗೆದ ತಳಿ ಇದು. ಹಳೆಯ ಮಝಾರ್ಡ್ ಬೇರಿನ ಮರಕ್ಕೆ ಹೋಲಿಸಿದರೆ ಬೆಳೆಯುವುದು ಹೆಚ್ಚುಕಡಿಮೆ ಅರ್ಧ. ಮಝಾರ್ಡ್ ಫಸಲಿಗೆ ಐದಾರು ವರ್ಷ ಕಾಯಿಸುತ್ತದೆ, ಇದು ಮೂರನೇ ವರ್ಷಕ್ಕೇ ಹೂ ಬಿಡುತ್ತದೆ. ಸಾಲ ಎತ್ತಿ ತೋಟ ಮಾಡಿದವರಿಗೆ ಅದು ಸಣ್ಣ ಮಾತಲ್ಲ. ಆಳುಗಳಿಗೆ ಎತ್ತರದ ಏಣಿ ಹತ್ತುವ ಕಷ್ಟವೂ ತಪ್ಪುತ್ತದೆ.

ಕಿರಿಕಿರಿ ಶುರುವಾಗುವುದು ನಾಲ್ಕೈದನೇ ವರ್ಷದಿಂದ. ಚೆರ್ರಿಯ ಹೆಚ್ಚಿನ ಹಣ್ಣು ಹಳೆಯ ಕಡ್ಡಿಯ ಮೇಲಿನ ಸ್ಪರ್ ಎಂಬ ಗಿಡ್ಡ ಕವಲುಗಳಲ್ಲಿ ಬರುತ್ತದೆ. ಒಂದು ಸ್ಪರ್‌ಗೆ ಹಲವು ಹೂಮೊಗ್ಗು, ಒಂದು ಮೊಗ್ಗಿನಲ್ಲಿ ಎರಡರಿಂದ ನಾಲ್ಕು ಹೂ. ಎಲೆ ನೋಡಿದರೆ ಆರೇಳು ಮಾತ್ರ! ಒಂದು ಹಣ್ಣು ಚೆನ್ನಾಗಿ ದಪ್ಪವಾಗಲು ಸುಮಾರು 200 ಚದರ ಸೆಂ.ಮೀ. ಎಲೆ ಬೇಕು ಎಂಬುದು ಇಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಹಣ್ಣು ಸಣ್ಣದು, ಮೆತ್ತಗೆ, ಸಿಹಿಯೂ ಕಡಿಮೆ, ಬಣ್ಣ ಬರುವುದೂ ತಡ. ಹೊಸ ಚಿಗುರು ಸೊರಗುವುದರಿಂದ ಮುಂದಿನ ವರ್ಷಗಳಿಗೂ ಪೆಟ್ಟು.

ಇಲ್ಲಿನ ಪ್ಯಾಕಿಂಗ್ ಶೆಡ್‌ಗಳಲ್ಲಿ ಗಾತ್ರವನ್ನು 'ರೋ' (ಪೆಟ್ಟಿಗೆಯ ಒಂದು ಸಾಲಿಗೆ ಎಷ್ಟು ಹಣ್ಣು) ಲೆಕ್ಕದಲ್ಲಿ ಹೇಳುತ್ತಾರೆ. ಅಂಕಿ ಇಳಿದಷ್ಟೂ ಹಣ್ಣು ದೊಡ್ಡದು: 12 ರೋ ಎಂದರೆ 21 ಮಿ.ಮೀ. ಚಿಲ್ಲರೆ, 10 ರೋ ಎಂದರೆ 26.6, 9 ರೋ ಸುಮಾರು 30. ದುಡ್ಡಿರುವುದು ದೊಡ್ಡ ಹಣ್ಣಿನಲ್ಲೇ. ಸಣ್ಣ ಹಣ್ಣಿನಿಂದ ಒಂದು ಬಕೆಟ್ ತುಂಬಿಸಲು ಆಳಿಗೆ ಹೆಚ್ಚು ಹೊತ್ತು ಬೇರೆ ಹಿಡಿಯುತ್ತದೆ.

ಸೇಬಿನ ಹಾಗೆ ಚೆರ್ರಿ ಕಾಯಿಯನ್ನು ಕೈಯಿಂದ ಉದುರಿಸುತ್ತಾ ಕೂತರೆ ಕೂಲಿ ಗಿಟ್ಟುವುದಿಲ್ಲ. ಒಂದಿಷ್ಟು ಹೂ ಕಾಯಿ ಕಟ್ಟದಿರಲಿ ಎಂದು ಮೀನೆಣ್ಣೆ ಬೆರೆಸಿದ ಸುಣ್ಣ-ಗಂಧಕವನ್ನು ಹೂವಿನ ಹೊತ್ತಿನಲ್ಲಿ ಸಿಂಪಡಿಸುವವರಿದ್ದಾರೆ. ಹವಾಮಾನ ಬದಲಾದರೆ ಫಲಿತಾಂಶವೂ ಬದಲು, ನನಗೆ ಅದರಲ್ಲಿ ನಂಬಿಕೆ ಇಲ್ಲ. ಉಳಿಯುವುದು ಕತ್ತರಿ. ಚಳಿಗಾಲದ ಕೊನೆಗೆ ಒಂದು ವರ್ಷದ ಕಡ್ಡಿಗಳ ತುದಿಯನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸುತ್ತೇವೆ. ಮುಂದೆ ಸ್ಪರ್‌ಗಳು ಒತ್ತಾಗಿ ಬರುವ ಜಾಗವೇ ತುದಿ. ಎರಡು ವರ್ಷ ಆಚೆಯ ಹೊರೆ ಈಗಲೇ ಇಳಿಯುತ್ತದೆ. ಜೋತುಬಿದ್ದ ಹಳೆಯ ಕೊಂಬೆಗಳನ್ನು ಮೋಟು ಬಿಟ್ಟು ತೆಗೆದರೆ ಹೊಸದು ಒಡೆಯುತ್ತದೆ.

ವಿಜಯಪುರದ ದ್ರಾಕ್ಷಿ ಮಂದಿಗೆ ಇದೇನೂ ಹೊಸದಲ್ಲ. ಏಪ್ರಿಲ್ ಚಾಟ್ನಿ (ಕಡ್ಡಿ ಕತ್ತರಿಸುವ ಕೆಲಸ), ಅಕ್ಟೋಬರ್ ಚಾಟ್ನಿ ಮಾಡಿಯೇ ಬೆಳೆದವರು. ಹೂಮೊಗ್ಗಿರುವ ಕಡ್ಡಿ ನೆಲಕ್ಕೆ ಬೀಳುವುದನ್ನು ಕಂಡು ಇಲ್ಲಿನ ಗೆಳೆಯರು ಅಯ್ಯೋ ಎಂದರೆ, ಊರಿನಿಂದ ಬಂದಿದ್ದ ಕಾಕಾ ಮಾತ್ರ "ಇನ್ನೂ ಭಾಳ ಬಿಟ್ಟೀಯಲೋ ತಮ್ಮಾ" ಎಂದರು. (ಊರಲ್ಲಿ ಚೆರ್ರಿ ಹಾಕಬಹುದಾ ಎಂದು ಕೇಳುವವರಿಗೆ: ಬೇಡ. ಚಳಿಗಾಲದಲ್ಲಿ ನೂರಾರು ತಾಸು 7 ಡಿಗ್ರಿಗಿಂತ ಕೆಳಗಿನ ಚಳಿ ಸಿಗದಿದ್ದರೆ ಇದು ಸರಿಯಾಗಿ ಹೂವಾಗುವುದಿಲ್ಲ.)

ಕತ್ತರಿಗೂ ಒಂದು ಅಪಾಯವಿದೆ. ಏಪ್ರಿಲ್‌ನಲ್ಲಿ ಹೂವಿನ ಹೊತ್ತಿಗೆ ಹಿಮ ಬಿದ್ದರೆ, ಮೊದಲೇ ಅರ್ಧ ಮೊಗ್ಗು ತೆಗೆದವನಿಗೆ ಏನೂ ಉಳಿಯುವುದಿಲ್ಲ. ಅದಕ್ಕೆ ದೊಡ್ಡ ಕೆಲಸ ಮುಗಿಸಿ, ಸ್ಪರ್ ಕಡಿಮೆ ಮಾಡುವುದನ್ನು ತಡವಾಗಿ ಇಟ್ಟುಕೊಳ್ಳುತ್ತೇನೆ. ಹಿಮ ಬಿದ್ದ ಬೆಳಿಗ್ಗೆ ಒಂದಿಷ್ಟು ಮೊಗ್ಗನ್ನು ಬ್ಲೇಡಿನಿಂದ ಸೀಳಿ ನೋಡಬೇಕು; ಒಳಗೆ ಕಂದಾದದ್ದು ಸತ್ತಂತೆ. ಎಷ್ಟು ಬದುಕಿದೆ ಎಂದು ತಿಳಿದ ಮೇಲೆ ಉಳಿದ ಕೆಲಸ.

ಯಾರು ಕೊಳ್ಳಬೇಕು? ಒಳ್ಳೆಯ ಮಣ್ಣು, ತಪ್ಪದ ಡ್ರಿಪ್ ನೀರು, ಪ್ರತಿ ವರ್ಷ ಚಾಟ್ನಿಗೆ ಕೈ ಇದ್ದವರು. ಬಡ ಮಣ್ಣಿಗೆ ಇದು ಸಲ್ಲದು. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಲ್ಯಾಪಿನ್ಸ್, ಸ್ವೀಟ್‌ಹಾರ್ಟ್ ತಳಿಗಳನ್ನು ಇದರ ಮೇಲೆ ಕಟ್ಟಿಸಬೇಡಿ, ಹೊರೆ ಹಿಡಿತಕ್ಕೆ ಬರುವುದಿಲ್ಲ. ಅವಕ್ಕೆ ಇನ್ನಷ್ಟು ಬಲವಾಗಿ ಬೆಳೆಯುವ ಗಿಸೆಲಾ 6 ವಾಸಿ. ನಮ್ಮ ಮುಂದಿನ ಪ್ಲಾಟಿಗೆ ನರ್ಸರಿಯಲ್ಲಿ ಹೇಳಿಟ್ಟಿರುವುದೂ ಹಾಗೇ: ಬಿಂಗ್‌ಗೆ ಮತ್ತೆ 5, ಲ್ಯಾಪಿನ್ಸ್‌ಗೆ 6.