ಹಳೇ ಲ್ಯಾಪ್‌ಟಾಪ್ ಮಾರುವ ಮುಂಚೆ: ಯಾವುದು ನಿಜವಾಗಿ ಅಳಿಸುತ್ತೆ?

ಕುವೆಂಪುನಗರದ ನಮ್ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದು ಮೂಲೆ ಹಿಡಿದಿತ್ತು. 500 ಜಿಬಿ ಹಾರ್ಡ್ ಡಿಸ್ಕ್. ಪಕ್ಕದ ಬೀದಿಯ ಪಿಯುಸಿ ಹುಡುಗ ತಗೋತೀನಿ ಅಂದ. ಒಳಗೆ ಅಪ್ಪನ ಪಿಂಚಣಿ ಕಾಗದ, ಮನೆಯವರ ಆಧಾರ್, ದಸರಾ ಫೋಟೋಗಳು. ಎಲ್ಲದರ ಕಾಪಿ ತೆಗೆದಿಟ್ಟು, ಒಂದೊಂದು ದಾರಿಯಲ್ಲಿ ಅಳಿಸಿ, ಪ್ರತಿ ಸಲ ಫೋಟೋರೆಕ್ ಬಿಟ್ಟು ಹುಡುಕಿಸಿದೆ. ಅಳಿಸಿದ ಫೈಲ್ ವಾಪಸ್ ತರುವ ಉಚಿತ ಪ್ರೋಗ್ರಾಂ ಅದು. ಫೈಲ್ ಪಟ್ಟಿ ನಂಬದೆ ಡಿಸ್ಕನ್ನೇ ತಡಕುತ್ತದೆ.

ಮೊದಲು ಡಿ ಡ್ರೈವ್. ಶಿಫ್ಟ್-ಡಿಲೀಟ್ ಸುಮ್ನೆ ವೇಸ್ಟ್. 'ಈ ಜಾಗ ಖಾಲಿ' ಅಂತ ವಿಂಡೋಸ್ ಬರೆದುಕೊಳ್ಳುತ್ತದೆ, ಅಷ್ಟೆ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಪಟ್ಟಿ ಹೊಸದು, ಸಾಮಾನು ಅಲ್ಲೇ. ಎರಡರಲ್ಲೂ ಫೋಟೋಗಳು ರಾಶಿ ರಾಶಿ ವಾಪಸ್ ಬಂದವು. ಹಳೇ ಹೆಸರು ಹೋಗಿ ಎಫ್ ಅಕ್ಷರದ ಮುಂದೆ ಉದ್ದದ ನಂಬರ್. ಒಂದನ್ನು ತೆರೆದರೆ, ಜಂಬೂಸವಾರಿಗೆ ಕಾಯುತ್ತಾ ಅಮ್ಮ ಕಡ್ಲೆಪುರಿ ತಿನ್ನುತ್ತಿದ್ದಾರೆ! ಅದರ ಮುಂದಿನದೇ ಅಪ್ಪನ ಆಧಾರ್.

ನನಗೆ ಜಾಸ್ತಿ ಆಸೆಯಿದ್ದದ್ದು ವಿಂಡೋಸ್‌ನಲ್ಲೇ ಇರುವ ಸೈಫರ್ ಕಮಾಂಡ್ ಮೇಲೆ. ಖಾಲಿ ಜಾಗದ ಮೇಲೆ ಮೂರು ಸಲ ಬರೆಯುತ್ತದೆ: ಪೂರ್ತಿ ಸೊನ್ನೆ, ಪೂರ್ತಿ ಒಂದು, ಕೊನೆಗೆ ಗೊತ್ತುಗುರಿಯಿಲ್ಲದ ಅಂಕಿ. ಸಿ ಡ್ರೈವ್‌ಗೆ ರಾತ್ರಿ ಹಚ್ಚಿ ಮಲಗಿದೆ, ಬೆಳಗಿನ ಕಾಫಿಗೂ ಓಡುತ್ತಿತ್ತು. ಖಾಲಿ ಜಾಗದಲ್ಲಿ ಒಂದು ಫೋಟೋನೂ ಸಿಗಲಿಲ್ಲ. ಗೆದ್ದೆ ಅಂದುಕೊಂಡೆ. ಆದರೆ ಫೋಲ್ಡರ್‌ನಲ್ಲಿ ಕಾಣುವ ಚಿಕ್ಕ ಚಿತ್ರಗಳನ್ನು ವಿಂಡೋಸ್ ಥಂಬ್‌ಕ್ಯಾಶ್ ಅನ್ನೋ ಬೇರೆ ಫೈಲ್‌ನಲ್ಲಿ ಇಟ್ಟುಕೊಂಡಿರುತ್ತದೆ. ಅದು ಖಾಲಿ ಜಾಗ ಅಲ್ವಲ್ಲ, ಸೈಫರ್ ಮುಟ್ಟುವುದಿಲ್ಲ. ತೆರೆದೆ. ಅಂಚೆಚೀಟಿಯಷ್ಟು ಚಿತ್ರದಲ್ಲಿ ಅಪ್ಪನ ಮುಖ. ಇತ್ತೀಚಿನ ಫೈಲ್‌ಗಳ ಪಟ್ಟಿಯಲ್ಲಿ 'ಅಪ್ಪ ಪಿಂಚಣಿ' ಅನ್ನೋ ಹೆಸರು. ಯಾವ್ಯಾವ ಪೆನ್‌ಡ್ರೈವ್ ಹಾಕಿದ್ದೆ ಅನ್ನೋದೂ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿತ್ತು.

ಕೊನೆಗೆ ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಹಾಕಿ, ಸಿ, ಡಿ ಅನ್ನೋ ಪಾರ್ಟಿಷನ್ (ಭಾಗ) ಎಲ್ಲಾ ತೆಗೆದು, 'ಕ್ವಿಕ್' ಟಿಕ್ ಬಿಡಿಸಿ ಪೂರ್ತಿ ಫಾರ್ಮ್ಯಾಟ್ ಮಾಡಿದೆ. ವಿಂಡೋಸ್ ವಿಸ್ಟಾದಿಂದೀಚೆಗೆ ಇದು ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಫೋಟೋರೆಕ್ ಬರಿಗೈಲಿ ಬಂತು. 35 ಸಲ ಬರೆಯಬೇಕು ಅನ್ನುವವರು ಇನ್ನೂ ಇದ್ದಾರೆ. ಅದು 1996ರ ಪ್ರಬಂಧದ ಮಾತು, ಆಗಿನ ಡಿಸ್ಕ್‌ಗಳಿಗೆ. ಈಗ ಒಂದು ಸಲ ಸಾಕು.

ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಬರೆಯುವ ಡಿಸ್ಕ್. ಅದರ ಕಥೆಯೇ ಬೇರೆ. ಅಲ್ಲಿ ಬರೀ ಡಿಲೀಟ್ ಮಾಡಿದ್ದೂ ವಾಪಸ್ ಬರಲಿಲ್ಲ, ಡಿಲೀಟ್ ಆದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ವಿಂಡೋಸ್ ಹೇಳುವ ಟ್ರಿಮ್ ಅನ್ನೋ ವ್ಯವಸ್ಥೆ ಗುಡಿಸಿಬಿಟ್ಟಿತ್ತು. ಹಾಗಂತ ನೆಚ್ಚಿಕೊಳ್ಳಲ್ಲ. ಎಸ್‌ಎಸ್‌ಡಿ ತನ್ನಿಷ್ಟದ ಜಾಗದಲ್ಲಿ ಬರೆಯುವುದರಿಂದ ಮೇಲೆ ಬರೆದು ಅಳಿಸುವುದೂ ಖಾತ್ರಿಯಲ್ಲ. ಅದನ್ನು ಮಾರುವಾಗ ಡಿಸ್ಕ್ ಕಂಪನಿಯದೇ ಸೆಕ್ಯೂರ್ ಇರೇಸ್, ಅಂದರೆ ಡಿಸ್ಕ್ ತನ್ನನ್ನು ತಾನೇ ಪೂರ್ತಿ ಅಳಿಸಿಕೊಳ್ಳುವ ಆಜ್ಞೆ, ಹಾಕುತ್ತೇನೆ.