ಹೋಂಸ್ಟೇ ರಿಜಿಸ್ಟ್ರೇಷನ್ ಮಾಡಿಸಿಕೊಡ್ತೀವಿ ಅಂತ ಬರೋರ ಬಗ್ಗೆ: 38 ಸಾವಿರ ಕಳಕೊಂಡವನ ಮಾತು

ಊರಿನ ಹಳೇ ಮನೆಯನ್ನು ಹೋಂಸ್ಟೇ ಮಾಡಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ರಿಜಿಸ್ಟರ್ ಮಾಡಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 38 ಸಾವಿರ ಕೊಟ್ಟು ಮಂಗ ಆಗಿದ್ದೇನೆ. ದುಡ್ಡಿಗಿಂತ ಮರ್ಯಾದೆ ಹೋಗಿದ್ದು ಜಾಸ್ತಿ.

ನಮ್ಮದು ಹೊಸನಗರ ತಾಲ್ಲೂಕು, ಕೊಡಚಾದ್ರಿ ಕಡೆ. ಅಡಿಕೆ ತೋಟ. ಕೊಳೆ ರೋಗ ಅಪ್ಪನ ಕಾಲದಿಂದಲೂ ಇತ್ತು, ಬೋರ್ಡೋ ದ್ರಾವಣ ಹೊಡೆದು ಹೇಗೋ ನಡೆಯುತ್ತಿತ್ತು. ಎಲೆಚುಕ್ಕಿ ರೋಗ ಬಂದ ಮೇಲೆ ಲೆಕ್ಕವೇ ತಪ್ಪಿತು. ಮನೆ ದೊಡ್ಡದು, ಇರುವವರು ಮೂರೇ ಜನ. ಮೆತ್ತಿನ ಮೇಲೆ ಮೂರು ಕೋಣೆ ಸುಮ್ನೆ ಬಿದ್ದಿದ್ದವು. ಕೊಡಚಾದ್ರಿಗೆ ಬರುವವರು ಹೇಗೂ ಉಳಿಯೋಕೆ ಜಾಗ ಕೇಳುತ್ತಾರೆ. ಎರಡು ಬಾತ್‌ರೂಮ್ ಕಟ್ಟಿಸಿದೆ. ಮಾಡುವುದಾದರೆ ಕಾನೂನು ಪ್ರಕಾರವೇ ಮಾಡಬೇಕು ಅಂತ ನನ್ನ ಹಠ. ಸುತ್ತಮುತ್ತ ಎಷ್ಟೋ ಜನ ಬರೀ ಬೋರ್ಡ್ ಹಾಕಿಕೊಂಡು ನಡೆಸುತ್ತಿದ್ದಾರೆ, ಅವರಿಗೆ ಏನೂ ಆಗಲಿಲ್ಲ ನೋಡಿ. ಕಾನೂನು ಅಂತ ಹೊರಟವನಿಗೇ ಹೊಡೆತ.

ಈ ಮನುಷ್ಯ ಸಿಕ್ಕಿದ್ದು ನೆಂಟರ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ. ಹೋಂಸ್ಟೇ ಕನ್ಸಲ್ಟೆಂಟ್ ಅಂತ ಕಾರ್ಡ್ ಕೊಟ್ಟ. ಶಿವಮೊಗ್ಗದಲ್ಲಿ ಆಫೀಸ್ ಇದೆ ಅಂದ. ಆ ಆಫೀಸ್ ನಾನು ಇವತ್ತಿನವರೆಗೂ ನೋಡಿಲ್ಲ. ಮಾತು ಮಾತ್ರ ಬೆಣ್ಣೆ. ‘ಸರ್, ನೀವು ಓಡಾಡೋದೇ ಬೇಡ, ಹದಿನೈದು ದಿನದಲ್ಲಿ ಪ್ರಮಾಣಪತ್ರ ನಿಮ್ಮ ಮನೆಗೆ ಬರುತ್ತೆ.’ ಮೊದಲು 15 ಸಾವಿರ ಅಡ್ವಾನ್ಸ್. ಆಮೇಲೆ ‘ಪೊಲೀಸ್ ಎನ್‌ಒಸಿಗೆ ಖರ್ಚು ಇರುತ್ತೆ ಸರ್, ನಿಮಗೆ ಗೊತ್ತಲ್ಲ’ ಅಂತ 10 ಸಾವಿರ. ಹೌದು, ಗೊತ್ತಿದೆ ಅಂದುಕೊಂಡು ಕೊಟ್ಟೆ. ನನ್ನದೂ ತಪ್ಪು ಇದೆ. ಪ್ರಮಾಣಪತ್ರ ಬಂದ ದಿನ ಉಳಿದ 13 ಸಾವಿರ. ಮೂರು ಸಲವೂ ದುಡ್ಡು ಹೋಗಿದ್ದು ಬೇರೆ ಬೇರೆ ಹೆಸರಿನ ಯುಪಿಐಗೆ. ‘ನಮ್ಮ ಅಕೌಂಟೆಂಟ್ ನಂಬರ್ ಸರ್’ ಅಂದ.

ಮನೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ಬರುವುದು 11ಬಿ, ಅಂದರೆ ಪೂರ್ತಿ ಸಕ್ರಮ ಅಲ್ಲದ ಆಸ್ತಿಗೆ ಕೊಡುವ ದಾಖಲೆ. ಇದನ್ನೆಲ್ಲ ನಾನೇ ಬಾಯಿಬಿಟ್ಟು ಹೇಳಿದೆ, ತೊಂದರೆ ಆಗುತ್ತಾ ಅಂತ ಕೇಳಿದೆ. ‘ಅದೆಲ್ಲ ಬೇಡವೇ ಬೇಡ ಸರ್. ಆಧಾರ್, ಪ್ಯಾನ್, ಒಂದು ಒಟಿಪಿ ಸಾಕು.’ ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಪಂಚಾಯಿತಿಯಲ್ಲಿ ಒಂದು ನಲ್ಲಿ ಕನೆಕ್ಷನ್‌ಗೆ ಎಷ್ಟು ಕಾಗದ ಕೇಳುತ್ತಾರೆ ಅಂತ ನಮಗೆಲ್ಲ ಗೊತ್ತು. ಇಲ್ಲಿ ನೋಡಿದರೆ ಒಂದು ಒಟಿಪಿಯಲ್ಲಿ ಸರ್ಕಾರಿ ಹೋಂಸ್ಟೇ! ಒಟಿಪಿ ಕೊಟ್ಟೆ. ಫೋನಿನಲ್ಲಿ, ತೋಟದ ಮಧ್ಯೆ ನಿಂತುಕೊಂಡು, ನೆಟ್‌ವರ್ಕ್ ಸಿಗುವ ಒಂದೇ ಹಲಸಿನ ಮರದ ಬುಡದಲ್ಲಿ.

ಹನ್ನೆರಡನೇ ದಿನಕ್ಕೇ ಪ್ರಮಾಣಪತ್ರ ಬಂತು. ಮೇಲೆ ಸಿಂಹದ ಲಾಂಛನ, ಭಾರತ ಸರ್ಕಾರ, ನನ್ನ ಹೆಸರು, ಮನೆ ಹೆಸರು, ಕ್ಯುಆರ್ ಕೋಡ್. ಅಮ್ಮನಿಗೆ ತೋರಿಸಿದೆ. ಫ್ರೇಮ್ ಹಾಕಿಸಿ ಜಗಲಿಯಲ್ಲಿ ಅಜ್ಜನ ಫೋಟೋ ಪಕ್ಕ ಮೊಳೆ ಹೊಡೆದು ನೇತುಹಾಕಿದೆ. ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದೆ. ಭಾವನಿಗೆ ಫೋನ್ ಮಾಡಿ, ನಿಮ್ಮದೂ ಮಾಡಿಸಿ, ನನಗೆ ಒಳ್ಳೇ ಜನ ಪರಿಚಯ ಇದ್ದಾರೆ ಅಂದೆ. ಪುಣ್ಯಕ್ಕೆ ಭಾವ ಸೋಮಾರಿ.

ಡಿಸೆಂಬರ್ ಕೊನೇ ವಾರ. ಬೆಂಗಳೂರಿನಿಂದ ಬಂದ ನಾಲ್ಕು ಜನ ಹುಡುಗರು ಜಗಲಿಯಲ್ಲಿ ಕೂತು ಕಡುಬು ತಿನ್ನುತ್ತಿದ್ದರು. ಅಮ್ಮ ಎರಡನೇ ಸಲ ಬಡಿಸುತ್ತಿದ್ದಳು. ಹೊಸ ವರ್ಷದ ಮುಂಚೆ ರಸ್ತೆಯ ಹೋಂಸ್ಟೇಗಳನ್ನೆಲ್ಲ ಚೆಕ್ ಮಾಡುತ್ತಾ ಪೊಲೀಸ್ ಜೀಪ್ ಬಂತು. ನನಗೆ ಭಯವೇ ಇಲ್ಲ. ಟೂರಿಸಂ ರಿಜಿಸ್ಟ್ರೇಷನ್ ಇದೆಯಾ ಅಂತ ಕೇಳಿದ್ದೇ ತಡ, ಗೋಡೆಯಿಂದ ಫ್ರೇಮ್ ಇಳಿಸಿ, ಪಂಚೆಯಲ್ಲಿ ಧೂಳು ಒರೆಸಿ ಕೈಗೆ ಕೊಟ್ಟೆ.

ಸಬ್ ಇನ್‌ಸ್ಪೆಕ್ಟರ್ ಓದಿದರು. ಮೊಬೈಲ್ ತೆಗೆದು ಕ್ಯುಆರ್ ಸ್ಕ್ಯಾನ್ ಮಾಡಿದರು. ನನ್ನ ಮುಖ ನೋಡಿದರು. ‘ಇದು ಉದ್ಯಮ್ ಅಲ್ವಾ ಮಾರಾಯ್ರೆ?’

ನಾನು ಹೌದು ಸರ್, ಹೋಂಸ್ಟೇ ಉದ್ಯಮ ಅಂದೆ! ಈಗ ನೆನೆಸಿಕೊಂಡರೆ ಬಾವಿಗೆ ಹಾರೋಣ ಅನ್ನಿಸುತ್ತದೆ.

‘ಇದು ಸಣ್ಣ ಉದ್ದಿಮೆಯವರು ಮಾಡಿಸೋದು. ಟೀ ಅಂಗಡಿಯವರೂ ಮಾಡಿಸ್ತಾರೆ. ಟೂರಿಸಂಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟು ಕೊಟ್ರಿ?’

ಎಷ್ಟು ಕೊಟ್ಟೆ ಅಂತ ಹೇಳಲಿಲ್ಲ. ಬಾಯಿ ಬರಲಿಲ್ಲ. ಅವರು ಬೈಯಲೂ ಇಲ್ಲ, ಬೇಗ ಸರಿಯಾದ್ದು ಮಾಡಿಸಿಕೊಳ್ಳಿ ಅಂದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಕಡುಬಿನ ತಟ್ಟೆ ಹಿಡಿದ ಹುಡುಗ ಒಬ್ಬ ಮೆಲ್ಲಗೆ ಕೇಳಿದ, ‘ಅಂಕಲ್, ನಾವು ರಾತ್ರಿ ಇರಬಹುದು ಅಲ್ವಾ?’ ಅಮ್ಮ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ಹೆಚ್ಚಿನವರಿಗೆ ಇದು ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ: ಉದ್ಯಮ್ ನೋಂದಣಿ 2020ರಿಂದ ಇದೆ, ಪೂರ್ತಿ ಉಚಿತ. ಸರ್ಕಾರಿ ವೆಬ್‌ಸೈಟಿನಲ್ಲಿ ಆಧಾರ್ ಹಾಕಿ ನಾವೇ ಮಾಡಿಕೊಳ್ಳಬಹುದು. ಅಂದರೆ ಪ್ರಮಾಣಪತ್ರ ನಕಲಿ ಅಲ್ಲ. ಅಸಲಿಯೇ. ಬೇರೆಯದಕ್ಕೆ ಕೊಡುವ ಅಸಲಿ. ಅದೇ ಅವನ ಬುದ್ಧಿವಂತಿಕೆ.

ಫೋನ್ ಮಾಡಿದೆ. ಅವನ ಉತ್ತರ ಇದ್ದ ಹಾಗೇ ಬರೆಯುತ್ತೇನೆ. ‘ಸರ್, ಮೇಲೆ ಭಾರತ ಸರ್ಕಾರ ಅಂತ ಇದೆ ಅಲ್ವಾ? ಭಾರತ ಸರ್ಕಾರಕ್ಕಿಂತ ದೊಡ್ಡದು ಯಾವುದಿದೆ ಸರ್?’ ಮರುದಿನ: ‘ಇದು ಫೌಂಡೇಶನ್ ಸರ್, ಮೇಲಿನ ಬಿಲ್ಡಿಂಗ್ ಈಗ ಕಟ್ಟೋಣ. ಸಿಲ್ವರ್ ಬೇಕಾ ಗೋಲ್ಡ್ ಬೇಕಾ? ಗೋಲ್ಡ್ ಆದ್ರೆ ಇನ್ನೊಂದು 9,500.’ ಇನ್ನೊಂದು! ಒಂದು ವಾರ ಬಿಟ್ಟು: ‘ಸರ್ವರ್ ಡೌನ್ ಇದೆ ಸರ್.’ ಕೊನೆಗೆ ನಾನು ಏಕವಚನಕ್ಕೆ ಇಳಿದಾಗ: ‘ಸರ್, ನೀವು ಓದಿದವರು, ಪ್ರಮಾಣಪತ್ರ ಓದಿ ನೋಡಿ ದುಡ್ಡು ಕೊಡಬೇಕಿತ್ತು.’ ಆಮೇಲೆ ಬ್ಲಾಕ್.

ಓದಿದವರು! ಊರಲ್ಲಿ ಎಲ್ಲರಿಗೂ ಅರ್ಜಿ ಬರೆದುಕೊಡುವವನು ನಾನೇ. ಹದಿನಾಲ್ಕು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ ಬಂದವನು. ಆ ಮಾತು ಇವತ್ತಿಗೂ ಚುಚ್ಚುತ್ತದೆ, ಯಾಕೆಂದರೆ ಅಷ್ಟು ಮಾತ್ರ ಅವನು ನಿಜ ಹೇಳಿದ್ದು.

ಠಾಣೆಗೂ ಹೋದೆ. ಅವನು ಕೆಲಸ ಮಾಡಿಕೊಟ್ಟೆ, ಸರ್ವೀಸ್ ಚಾರ್ಜ್ ತಗೊಂಡೆ ಅನ್ನುತ್ತಾನೆ, ಬರಹದಲ್ಲಿ ಏನಿದೆ ಅಂತ ಕೇಳಿದರು. ಬರಹದಲ್ಲಿ ಏನೂ ಇಲ್ಲ. ಎಲ್ಲ ಫೋನಿನಲ್ಲಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಎರಡು ತಿಂಗಳು ತಡವಾಗಿ. ಆ ನಂಬರ್ ದುಡ್ಡು ಹೋದ ಕೂಡಲೇ ಮಾಡಬೇಕಾದ್ದು. ಇನ್ನೊಂದು ತಲೆಬಿಸಿ ಏನೆಂದರೆ ಆ ಉದ್ಯಮ್‌ನಲ್ಲಿ ಅವನು ಹಾಕಿರುವುದು ಅವನದೇ ಮೊಬೈಲ್ ನಂಬರ್. ತಿದ್ದೋಣ ಅಂದರೆ ಒಟಿಪಿ ಅವನಿಗೇ ಹೋಗುತ್ತದೆ.

ಆಮೇಲೆ ನಾನೇ ಬಸ್ ಹತ್ತಿ ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಹೋದೆ. ಮೊದಲೇ ಹೋಗಿದ್ದರೆ! ಮಾಲೀಕ ಅದೇ ಮನೆಯಲ್ಲಿ ವಾಸ ಇರಬೇಕು. ಕೋಣೆ ಐದಕ್ಕಿಂತ ಜಾಸ್ತಿ ಇರಬಾರದು. ಮನೆಯ ದಾಖಲೆ, ಪಂಚಾಯಿತಿ ನಿರಾಕ್ಷೇಪಣೆ, ಪೊಲೀಸ್ ಪರಿಶೀಲನೆ ಬೇಕು. ಮುಖ್ಯವಾಗಿ ಅವರು ಬಂದು ಮನೆ ನೋಡುತ್ತಾರೆ. ನನ್ನ ‘ರಿಜಿಸ್ಟ್ರೇಷನ್’ ಆದಾಗ ಇಲಾಖೆಯಿಂದ ಒಂದು ನರಪಿಳ್ಳೆಯೂ ಬಂದು ಮನೆ ನೋಡಿರಲಿಲ್ಲ. ಸಿಲ್ವರ್, ಗೋಲ್ಡ್ ಅನ್ನುವುದು ಕೇಂದ್ರದ ಸ್ಕೀಮಿನದು, ಅಲ್ಲಿ ಆರು ಕೋಣೆವರೆಗೆ ಅವಕಾಶ. ಅದೂ ಮನೆ ನೋಡಿ, ಸೌಕರ್ಯ ನೋಡಿ ಕೊಡುವುದು. ಫಾರಿನರ್ಸ್ ಬಂದರೂ ತೊಂದರೆ ಇಲ್ಲ ಅಂದಿದ್ದ ಆ ಪುಣ್ಯಾತ್ಮ. ವಿದೇಶಿಯರು ಉಳಿದರೆ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಅವರ ಮಾಹಿತಿ ಕೊಡಬೇಕಂತೆ. ಯಾರೂ ಬರಲಿಲ್ಲ, ಬಚಾವ್.

ಈಗ ಖಾತೆ ಬದಲಾವಣೆಗೆ ಓಡಾಡುತ್ತಿದ್ದೇನೆ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಸಾಗರದಲ್ಲಿರುವ ಅಕ್ಕನ ಸಹಿ. ‘ಎಂತ, ಈಗ ನೆನಪಾಯ್ತನಾ ನಾನು?’ ಅಂದಳು ಅಕ್ಕ. ಅದು ಬೇರೆ ಕಥೆ.

ಒಟಿಪಿ ಕೊಡಬೇಡಿ. ಬೇರೆಯವರ ಹೆಸರಿನ ಯುಪಿಐಗೆ ಒಂದು ರೂಪಾಯಿಯೂ ಹಾಕಬೇಡಿ. ಮನೆ ದಾಖಲೆ ಬೇಡ ಅನ್ನುವವನನ್ನು ಅಂಗಳದಿಂದಲೇ ವಾಪಸ್ ಕಳಿಸಿ, ಕಾಫಿಯನ್ನೂ ಕೊಡಬೇಡಿ. ನಾನು ಕಾಫಿ ಜೊತೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ಕೊಟ್ಟು ಕಳಿಸಿದ್ದೆ.

ನನ್ನನ್ನು ಬ್ಲಾಕ್ ಮಾಡಿದ್ದಾನೆ, ಆದರೆ ಭಾವನ ಫೋನಿನಲ್ಲಿ ಅವನ ಸ್ಟೇಟಸ್ ಕಾಣುತ್ತದೆ. ಮೊನ್ನೆ ಒಂದು ಫೋಟೋ ಹಾಕಿದ್ದ. ಯಾರದೋ ಜಗಲಿ, ಹೆಂಚಿನ ಮಾಡು, ವಯಸ್ಸಾದವರೊಬ್ಬರು ಫ್ರೇಮ್ ಹಿಡಿದು ನಗುತ್ತಾ ನಿಂತಿದ್ದಾರೆ. ಅದೇ ಲಾಂಛನ, ಅದೇ ಕ್ಯುಆರ್. ಹಿಂದೆ ಕಾಣುವ ಗುಡ್ಡ ನೋಡಿದರೆ ನಮ್ಮ ಕಡೆಯವರೇ ಅನ್ನಿಸುತ್ತದೆ. ಇತ್ತೀಚೆಗೆ ಹೀಗೆ ಫ್ರೇಮ್ ಹಾಕಿಸಿದವರು ನಿಮ್ಮ ಪರಿಚಯದಲ್ಲಿ ಇದ್ದರೆ, ಪೊಲೀಸ್ ಜೀಪ್ ಬರುವ ಮುಂಚೆ ನೀವೇ ಹೇಳಿಬಿಡಿ.